2ನೇ ಪಿಕ್ ಕೈಯಲ್ಲಿದೆ, ಸ್ಪರ್ಸ್ ಏನು ಮಾಡಬೇಕು? ಮೂರನೇ ಗಾರ್ಡ್ ತರಬೇಕೋ, ಮಾರಬೇಕೋ?

ಕಾರ್ನರ್_ತ್ರೀ (ಪ್ರಶ್ನೆ)

ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಲಾಟರಿ ಮುಗಿದು 2025ರ ಡ್ರಾಫ್ಟ್ ಕ್ರಮ, ಅಂದರೆ ಹೊಸ ಆಟಗಾರರನ್ನು ಯಾವ ತಂಡ ಎಷ್ಟನೇ ಸರದಿಯಲ್ಲಿ (ಪಿಕ್) ಆರಿಸಿಕೊಳ್ಳಬೇಕು ಎನ್ನುವುದು, ಗೊತ್ತಾಗಿದೆ. ಡಲ್ಲಾಸ್ 1, ಸ್ಯಾನ್ ಆಂಟೋನಿಯೊ (ಸ್ಪರ್ಸ್) 2, ಫಿಲಡೆಲ್ಫಿಯಾ 3, ಷಾರ್ಲೆಟ್ 4, ಯೂಟಾ 5. ಮೊದಲ ಹೆಸರು ಎಂದು ಎಲ್ಲರೂ ಹೇಳುವ ಕೂಪರ್ ಫ್ಲ್ಯಾಗ್‌ನನ್ನು ಡಲ್ಲಾಸ್ ಬಿಡುವ ಮಾತೇ ಇಲ್ಲ. ಹಾಗಾಗಿ ಡ್ರಾಫ್ಟ್‌ನ ನಿಜವಾದ ಕುತೂಹಲ ಶುರುವಾಗುವುದು ಸ್ಪರ್ಸ್ ಸರದಿಯಿಂದ.

34 ಗೆಲುವು, 48 ಸೋಲಿನೊಂದಿಗೆ ಸೀಸನ್ ಮುಗಿಸಿದ ಸ್ಪರ್ಸ್ ಎಂಟನೇ ಸ್ಥಾನದಿಂದ ಲಾಟರಿಗೆ ಹೋಗಿ ಎರಡಕ್ಕೆ ಜಿಗಿದಿದೆ. ಅಟ್ಲಾಂಟಾದಿಂದ ಬಂದ 14ನೇ ಪಿಕ್ ಕೂಡ ಕೈಯಲ್ಲಿದೆ. ಎರಡನೇ ಹೆಸರು ಎಂದು ಹೆಚ್ಚಿನವರು ಹೇಳುತ್ತಿರುವುದು ರಟ್ಗರ್ಸ್‌ನ ಡಿಲನ್ ಹಾರ್ಪರ್. ನನಗೆ ಗೊಂದಲ ಆಗುತ್ತಿರುವುದು ಇಲ್ಲೇ. ಫೆಬ್ರವರಿಯಲ್ಲಿ ಡಿಆರನ್ ಫಾಕ್ಸ್‌ನನ್ನು ತಂದರು. ಸ್ಟೆಫನ್ ಕ್ಯಾಸಲ್‌ಗೆ ಈಗಷ್ಟೇ ರೂಕಿ ಆಫ್ ದಿ ಇಯರ್ (ವರ್ಷದ ಹೊಸ ಆಟಗಾರ) ಪ್ರಶಸ್ತಿ ಸಿಕ್ಕಿದೆ. ಹಾರ್ಪರ್ ಬಂದರೆ ಚೆಂಡು ಕೈಯಲ್ಲಿಟ್ಟುಕೊಂಡು ಆಡುವ ಗಾರ್ಡ್‌ಗಳು ಮೂವರಾಗುತ್ತಾರೆ, ಆ ಮೂವರಲ್ಲಿ ಒಬ್ಬನೂ ನಂಬಿಕೆಯ ಶೂಟರ್ ಅಲ್ಲ. ತಂಡದ ಮುಖ್ಯ ಆಟಗಾರ, ಎತ್ತರದ ವೆಂಬನ್ಯಾಮಾ ಸುತ್ತ ಬೇಕಿರುವುದು ಶೂಟಿಂಗ್.

ಕೆಳಗಿಳಿದು ಶೂಟರ್ ಜೊತೆಗೆ ಇನ್ನೊಂದು ಪಿಕ್ ತರುವುದಾ? ದೊಡ್ಡ ಆಟಗಾರನಿಗೆ ಪಿಕ್ ಕೊಟ್ಟುಬಿಡುವುದಾ? ಹಾರ್ಪರ್‌ನನ್ನೇ ತೆಗೆದುಕೊಂಡು ಆಮೇಲೆ ನೋಡುವುದಾ? ಪ್ರತಿಯೊಂದರಲ್ಲೂ ನಿಯಮದ ಅಡಚಣೆ ಏನು, ಎಲ್ಲಿ ಕೈಸುಡುತ್ತದೆ ಎನ್ನುವುದನ್ನು ಗೊತ್ತಿರುವವರು ಬಿಡಿಸಿ ಹೇಳಿ. "ಒಳ್ಳೆಯ ಆಟಗಾರನನ್ನು ತಗೊಳ್ಳಿ" ಎಂಬ ಒಂದು ಸಾಲಿನ ಉತ್ತರ ಬೇಡ.

---

ಕ್ಯಾಪ್_ಲೆಕ್ಕ

ಮೊದಲು ಹಣದ ಲೆಕ್ಕ ನೋಡೋಣ. ಈ ಪಿಕ್‌ನ ಬೆಲೆಯ ಅರ್ಧ ಭಾಗ ಆಟಗಾರನಲ್ಲಿದ್ದರೆ ಉಳಿದರ್ಧ ಅವನ ಕಾಂಟ್ರ್ಯಾಕ್ಟ್‌ನಲ್ಲಿದೆ.

ಮೊದಲ ಸುತ್ತಿನ ಪ್ರತಿ ಪಿಕ್‌ಗೂ ರೂಕಿ ಸ್ಕೇಲ್ ಎಂಬ ನಿಗದಿತ ಸಂಬಳ ಇದೆ. ಅದರ 80%ರಿಂದ 120%ರ ನಡುವೆ ಕೊಡಬಹುದು. ಮೇಲಿನ ಪಿಕ್‌ಗಳಿಗೆಲ್ಲ 120% ಕೊಡುವುದು ರೂಢಿ. ಈ ವರ್ಷ ಎರಡನೇ ಪಿಕ್‌ಗೆ ಮೊದಲ ವರ್ಷ ಸುಮಾರು 12.4 ಮಿಲಿಯನ್ ಡಾಲರ್, ನಾಲ್ಕು ವರ್ಷಕ್ಕೆ ಒಟ್ಟು 56 ಮಿಲಿಯನ್ ಆಸುಪಾಸು. ಮೊದಲೆರಡು ವರ್ಷ ಗ್ಯಾರಂಟಿ. ಮೂರನೆಯದೂ ನಾಲ್ಕನೆಯದೂ ತಂಡದ ಆಪ್ಷನ್. ಮೂರನೇ ವರ್ಷದ ಆಪ್ಷನ್ ಬೇಕೋ ಬೇಡವೋ ಎಂಬುದನ್ನು ಎರಡನೇ ಸೀಸನ್ ಶುರುವಾಗುವ ಹೊತ್ತಿಗೆ, ಅಂದರೆ ಅಕ್ಟೋಬರ್ 31ರೊಳಗೆ ಹೇಳಬೇಕು. ನಾಲ್ಕನೇ ವರ್ಷದ್ದನ್ನು ಅದರ ಮುಂದಿನ ಅಕ್ಟೋಬರ್ 31ರೊಳಗೆ.

2025-26ರ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) 154.6 ಮಿಲಿಯನ್ ಎಂದು ಇಟ್ಟುಕೊಂಡರೆ 12.4 ಎಂದರೆ ಅದರ 8%. ಆರು ವರ್ಷದವರೆಗಿನ ಅನುಭವ ಇರುವ ಆಟಗಾರನಿಗೆ ಸಿಗುವ ಗರಿಷ್ಠ ಸಂಬಳ ಕ್ಯಾಪ್‌ನ 25%, ಅಂದರೆ 38.7 ಮಿಲಿಯನ್. ಹುಡುಗ ಮೂರನೇ ವರ್ಷಕ್ಕೆ ಆಲ್-ಸ್ಟಾರ್ ಮಟ್ಟಕ್ಕೆ ಬಂದರೆ, ಅಂಥವನ ಸೇವೆ ಹೆಚ್ಚು ಕಡಿಮೆ ಮೂರನೇ ಒಂದು ಬೆಲೆಗೆ ಸಿಕ್ಕ ಹಾಗೆ. ಟ್ರೇಡ್‌ನಲ್ಲಿ ಎದುರಿನ ತಂಡ ಎರಡನೇ ಪಿಕ್‌ಗೆ ಬಾಯಿಬಿಡುವುದು ಇದಕ್ಕೇ.

ಇನ್ನು ಸ್ಪರ್ಸ್‌ಗೆ ವಿಶೇಷವಾಗಿ ಅನ್ವಯಿಸುವ ಮಾತು. ರೂಕಿ ಕಾಂಟ್ರ್ಯಾಕ್ಟ್ ನಾಲ್ಕು ವರ್ಷದ್ದು, ದೊಡ್ಡ ಸಂಬಳ ಐದನೇ ವರ್ಷದಿಂದ. ವೆಂಬನ್ಯಾಮಾ 2023ರವನು, ದೊಡ್ಡ ಕಾಂಟ್ರ್ಯಾಕ್ಟ್ 2027-28ರಿಂದ. ಕ್ಯಾಸಲ್ 2024ರವನು, 2028-29ರಿಂದ. ಹಾರ್ಪರ್ ಬಂದರೆ 2029-30ರಿಂದ. ಮೂವರದ್ದೂ ಒಂದೇ ಬೇಸಿಗೆಯಲ್ಲಿ ತಲೆಮೇಲೆ ಬೀಳುವುದಿಲ್ಲ, ವರ್ಷಕ್ಕೊಂದರಂತೆ ಬರುತ್ತವೆ. ಇಂಥ ಕ್ರಮ ಬೇಕೆಂದರೂ ಸಿಗುವುದು ಕಷ್ಟ.

ಈ ಸಾಲಿಗೆ ಸೇರದವನು ಫಾಕ್ಸ್. ಅವನ ಈಗಿನ ಕಾಂಟ್ರ್ಯಾಕ್ಟ್ 2026ರ ಬೇಸಿಗೆಗೆ ಮುಗಿಯುತ್ತದೆ, ಕೊನೆಯ ವರ್ಷ 37.1 ಮಿಲಿಯನ್. ಅವನ ಅನುಭವಕ್ಕೆ ಗರಿಷ್ಠ ಮಿತಿ ಕ್ಯಾಪ್‌ನ 30%. ಅಲ್ಲಿಂದ ನಾಲ್ಕು ವರ್ಷ ಕೊಟ್ಟರೆ 2029-30ರವರೆಗೆ ಹೋಗುತ್ತದೆ. ಆ ಒಂದು ವರ್ಷ ನೋಡಿ: ಫಾಕ್ಸ್ 30%, ವೆಂಬನ್ಯಾಮಾ 25 ಅಥವಾ 30%, ಕ್ಯಾಸಲ್ 25%ರವರೆಗೆ, ಹಾರ್ಪರ್ 25%ರವರೆಗೆ. ನಾಲ್ವರಿಗೇ ಕ್ಯಾಪ್ ಪೂರ್ತಿ ಮುಗಿದು ಮೇಲೆ ಹೋಗುತ್ತದೆ. ಅಂದರೆ "ಮೂರು ಗಾರ್ಡ್ ಸಮಸ್ಯೆ" ಇವತ್ತಿನದಲ್ಲ, ಅದಕ್ಕೆ 2029ರ ಬೇಸಿಗೆಯ ಗಡುವು ಇದೆ. ಅಲ್ಲಿಯವರೆಗೆ ಯಾರು ಉಳಿಯಬೇಕು ಎಂದು ಆಡಿಸಿ ನೋಡಲು ಮೂರು ನಾಲ್ಕು ಸೀಸನ್ ಸಮಯ ಇದೆ.

ಟ್ರೇಡ್ ಮಾಡುವುದಾದರೆ ಪಿಕ್‌ನ ಬೆಲೆ ಮೂರು ಹಂತದಲ್ಲಿ ಬದಲಾಗುತ್ತದೆ. ಡ್ರಾಫ್ಟ್‌ಗೆ ಮುಂಚೆ ಪಿಕ್ ಎಂದರೆ ಖಾಲಿ ಜಾಗ. ಕೊಳ್ಳುವ ಪ್ರತಿ ತಂಡವೂ ಅಲ್ಲಿ ತನಗೆ ಬೇಕಾದ ಹುಡುಗನನ್ನು ಕಲ್ಪಿಸಿಕೊಳ್ಳುತ್ತದೆ. ಹೆಸರು ಕೂಗಿದ ಮೇಲೆ ಆ ಒಬ್ಬನನ್ನು ಮೆಚ್ಚಿದ ತಂಡಗಳಷ್ಟೇ ಕಣದಲ್ಲಿ ಉಳಿಯುತ್ತವೆ. ಸಹಿ ಹಾಕುವವರೆಗೂ ಟ್ರೇಡ್ ಲೆಕ್ಕದಲ್ಲಿ ಅವನ ಸಂಬಳ ಸೊನ್ನೆ. ಸಹಿ ಹಾಕಿದ ಮೇಲೆ 30 ದಿನ ಟ್ರೇಡ್ ಮಾಡುವಂತಿಲ್ಲ, ಆಮೇಲೆ ಪೂರ್ತಿ 12.4 ಲೆಕ್ಕಕ್ಕೆ ಬರುತ್ತದೆ. 2014ರಲ್ಲಿ ಕ್ಲೀವ್‌ಲ್ಯಾಂಡ್ ಮಾಡಿದ್ದು ಇದನ್ನೇ. ಮೊದಲ ಪಿಕ್ ಆಂಡ್ರೂ ವಿಗ್ಗಿನ್ಸ್ ಜುಲೈ 24ರಂದು ಸಹಿ ಹಾಕಿದ, ಆಗಸ್ಟ್ 23ರಂದು ಕೆವಿನ್ ಲವ್‌ಗಾಗಿ ಮಿನೆಸೋಟಾಗೆ ಹೋದ. ಮಾತುಕತೆ ಮೊದಲೇ ಆಗಿತ್ತು, ಕಾದದ್ದು ಆ 30 ದಿನ.

ಸ್ಟೀಪಿಯನ್ ನಿಯಮದ ಚಿಂತೆ ಸ್ಪರ್ಸ್‌ಗೆ ಇಲ್ಲ. ಮುಂದಿನ ಯಾವ ಎರಡು ಸತತ ವರ್ಷವೂ ಮೊದಲ ಸುತ್ತಿನ ಪಿಕ್ ಇಲ್ಲದೆ ಉಳಿಯಬಾರದು ಎನ್ನುವುದು ಆ ನಿಯಮ. ಪಿಕ್ ತನ್ನದೇ ಆಗಿರಬೇಕು ಎಂದೇನೂ ಇಲ್ಲ. ಈ ವರ್ಷ 14 ಇದೆ, 2027ಕ್ಕೆ ಅಟ್ಲಾಂಟಾದ ಪಿಕ್ ಇದೆ.

---

ಡ್ರಾಪ್_ಕವರೇಜ್

ಹಣದ ಲೆಕ್ಕ ಒಪ್ಪುತ್ತೇನೆ. ಅಂಕಣದ ಮೇಲೆ ಏನಾಗುತ್ತದೆ ಎನ್ನುವುದನ್ನು ನಾನು ಹೇಳುತ್ತೇನೆ. ಕಾರ್ನರ್_ತ್ರೀ ಅವರ ಆತಂಕದಲ್ಲಿ ಅರ್ಧ ಸತ್ಯ ಇದೆ.

ಫಾಕ್ಸ್ ಮತ್ತು ವೆಂಬನ್ಯಾಮಾ ಪಿಕ್ ಅಂಡ್ ರೋಲ್ (ಒಬ್ಬ ಸ್ಕ್ರೀನ್ ಕೊಟ್ಟು, ಅಂದರೆ ಡಿಫೆಂಡರ್‌ಗೆ ಅಡ್ಡ ನಿಂತು, ಆಮೇಲೆ ಬಾಸ್ಕೆಟ್ ಕಡೆ ಓಡುವ ಆಟ) ಆಡುತ್ತಿದ್ದಾರೆ ಎಂದುಕೊಳ್ಳಿ. ವೆಂಬನ್ಯಾಮಾ ತ್ರೀ ಪಾಯಿಂಟ್ ಗೆರೆಯ ಮೇಲೆ ಸ್ಕ್ರೀನ್ ಕೊಡುತ್ತಾನೆ. ಫಾಕ್ಸ್‌ನ ತ್ರೀ (ಮೂರು ಅಂಕದ ದೂರದ ಎಸೆತ) ಕಳೆದ ಸೀಸನ್‌ನಲ್ಲಿ ಸುಮಾರು 31%. ಹಾಗಾಗಿ ಅವನ ಡಿಫೆಂಡರ್ ಸ್ಕ್ರೀನ್‌ನ ಮೇಲಿಂದ ಬೆನ್ನಟ್ಟುವುದಿಲ್ಲ, ಕೆಳಗಿನಿಂದ ನುಸುಳಿ ಮುಂದೆ ಬಂದು ನಿಲ್ಲುತ್ತಾನೆ. ಫಾಕ್ಸ್‌ನ ವೇಗಕ್ಕೆ ಬೇಕಾದ ಮೊದಲ ಹೆಜ್ಜೆಯ ಲಾಭ ಅಲ್ಲೇ ಹೋಯಿತು. ಎದುರಿನ ಸೆಂಟರ್ ಪೇಂಟ್‌ನಲ್ಲೇ (ಬಾಸ್ಕೆಟ್ ಮುಂದಿನ ಜಾಗ) ನಿಂತಿರುತ್ತಾನೆ. ವೆಂಬನ್ಯಾಮಾ ಬಾಸ್ಕೆಟ್ ಕಡೆ ಓಡಿದಾಗ ಅವನ ಮೈಗೆ ಮೈ ತಾಗಿಸಿ ತಡೆಯಬೇಕಾದವನು ದೂರದ ಕಾರ್ನರ್‌ನ ಡಿಫೆಂಡರ್. ಆ ಕಾರ್ನರ್‌ನಲ್ಲಿ ಕ್ಯಾಸಲ್ ನಿಂತಿದ್ದರೆ, ಅವನ ತ್ರೀ 28.5%, ಡಿಫೆಂಡರ್ ಯೋಚನೆಯನ್ನೇ ಮಾಡದೆ ಅವನನ್ನು ಬಿಟ್ಟು ಒಳಗೆ ಬರುತ್ತಾನೆ. ಅಲ್ಲಿ ಶೂಟರ್ ಇದ್ದರೆ ಅದೇ ಡಿಫೆಂಡರ್ ಅರ್ಧ ಸೆಕೆಂಡ್ ತಡಮಾಡುತ್ತಾನೆ. ವೆಂಬನ್ಯಾಮಾ ಎತ್ತರಕ್ಕೆ ಮೇಲಕ್ಕೆಸೆದ ಪಾಸ್ ಹಿಡಿದು ಡಂಕ್ ಮಾಡಲು ಆ ಅರ್ಧ ಸೆಕೆಂಡ್ ಸಾಕು.

ಇದೇ ಜಾಗಕ್ಕೆ ಇನ್ನೊಬ್ಬ ಶೂಟ್ ಮಾಡದ ಗಾರ್ಡ್ ಬಂದರೆ ಪೇಂಟ್‌ನಲ್ಲಿ ಎರಡು ಕಡೆಯಿಂದ ಜನ. ಹಾರ್ಪರ್ ಕಾಲೇಜಿನಲ್ಲಿ 33.3% ತ್ರೀ ಹಾಕಿದ, ಫ್ರೀ ಥ್ರೋ 75% ಆಸುಪಾಸು. ಕೆಟ್ಟದ್ದಲ್ಲ, ಆದರೆ ಡಿಫೆಂಡರ್‌ಗಳು ಹೆದರುವ ಅಂಕಿಯೂ ಅಲ್ಲ. ಕಾಲೇಜಿನ ತ್ರೀ ಪ್ರಯತ್ನಗಳ ಸಂಖ್ಯೆ ಕಡಿಮೆ ಇರುವುದರಿಂದ ಆ ಶೇಕಡಾವಾರು ಸುಲಭವಾಗಿ ದಾರಿ ತಪ್ಪಿಸುತ್ತದೆ. ಫ್ರೀ ಥ್ರೋ ಶೇಕಡಾವಾರು, ಚೆಂಡನ್ನು ಬಿಡುವ ರೀತಿ, ಓಡುತ್ತಾ ಎಸೆಯುವ ತ್ರೀ ಇವನ್ನೆಲ್ಲ ಒಟ್ಟಿಗೆ ನೋಡಬೇಕು.

ಇಷ್ಟು ಹೇಳಿಯೂ ನಾನು ಹಾರ್ಪರ್‌ನನ್ನೇ ತೆಗೆದುಕೊಳ್ಳುತ್ತೇನೆ. ಇವನಲ್ಲಿರುವುದು ಈ ತಂಡದಲ್ಲಿ ಬೇರೆ ಯಾರಲ್ಲೂ ಇಲ್ಲ. ಸುಮಾರು ಆರೂವರೆ ಅಡಿಯ ಎಡಗೈ ಗಾರ್ಡ್, ವೇಗದಿಂದ ಅಲ್ಲ, ವೇಗ ಬದಲಿಸುವುದರಿಂದ ಡಿಫೆಂಡರ್‌ನನ್ನು ದಾಟುತ್ತಾನೆ. ಡಿಫೆಂಡರ್ ಸ್ಕ್ರೀನ್‌ನ ಕೆಳಗೆ ಹೋದರೂ ಭುಜ ಕೊಟ್ಟು ಬಾಸ್ಕೆಟ್‌ವರೆಗೆ ತಲುಪುತ್ತಾನೆ. ಫಾಕ್ಸ್ ಕುಳಿತಿರುವ ನಿಮಿಷಗಳಲ್ಲಿ ಆಟ ಕಟ್ಟುವವರಿಲ್ಲದೆ ವೆಂಬನ್ಯಾಮಾ ಗೆರೆಯಾಚೆ ನಿಂತು ತಾನೇ ಕಷ್ಟದ ಶಾಟ್ ಎಸೆಯುವ ಪರಿಸ್ಥಿತಿ ಬರುತ್ತಿತ್ತು, ಅದು ತಪ್ಪುತ್ತದೆ.

ನಿಮಿಷದ ಲೆಕ್ಕ ಹೀಗೆ: ಎರಡು ಗಾರ್ಡ್ ಜಾಗಕ್ಕೆ 96 ನಿಮಿಷ. ಫಾಕ್ಸ್ 34, ಕ್ಯಾಸಲ್ 28, ಹಾರ್ಪರ್ 24. ಒಟ್ಟು 86. ಉಳಿದ 10 ಒಬ್ಬ ಶೂಟರ್‌ಗೆ. ಮೂವರೂ ಒಟ್ಟಿಗೆ ಅಂಕಣದಲ್ಲಿ ಇರಲೇಬೇಕಾದ ಅಗತ್ಯ ಎಲ್ಲೂ ಬರುವುದಿಲ್ಲ. ತಪ್ಪಾಗುವುದು ಯಾವಾಗ ಎಂದರೆ ಮೂವರೂ ಒಳ್ಳೆಯವರು ಎಂಬ ಕಾರಣಕ್ಕೆ ಕೋಚ್ ಕೊನೆಯ ಐದು ನಿಮಿಷ ಮೂವರನ್ನೂ ಇಳಿಸಿದಾಗ. ಆ ಹೊತ್ತಿನಲ್ಲಿ ಎದುರಿನ ತಂಡ ತನ್ನ ಸೆಂಟರ್‌ನನ್ನು ಕ್ಯಾಸಲ್ ಮೇಲೆ ಹಾಕಿ, ಗಟ್ಟಿ ಫಾರ್ವರ್ಡ್ ಒಬ್ಬನನ್ನು ವೆಂಬನ್ಯಾಮಾ ಮೇಲೆ ಬಿಡುತ್ತದೆ. ಸೆಂಟರ್ ಕ್ಯಾಸಲ್‌ನನ್ನು ಲೆಕ್ಕಿಸದೆ ಪೇಂಟ್ ಕಾಯುತ್ತಾನೆ.

---

ಪಿಕ್_ಸ್ವಾಪ್

ಹಾರ್ಪರ್ ಒಳ್ಳೆಯವನು ಎಂಬುದರಲ್ಲಿ ತಕರಾರಿಲ್ಲ. ಆದರೆ ಕೆಳಗಿಳಿಯುವ ದಾರಿಯನ್ನು ಯಾರೂ ಸರಿಯಾಗಿ ತೂಗಿ ನೋಡುತ್ತಿಲ್ಲ ಅನ್ನಿಸುತ್ತದೆ.

ಕೆಳಗಿಳಿಯುವುದಕ್ಕೆ ಒಂದು ಸರಳ ಪರೀಕ್ಷೆ ಇದೆ. 2ರಿಂದ 4ಕ್ಕೆ ಇಳಿದರೆ ಮಧ್ಯೆ ಎರಡು ಹೆಸರು ಹೋಗುತ್ತವೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಒಂದೇ ಮಟ್ಟದ ಮೂರು ಹೆಸರು ಇರಬೇಕು, ಆಗ ಒಬ್ಬನಂತೂ ಸಿಗುವುದು ಖಚಿತ. ಎರಡೇ ಹೆಸರಿದ್ದು "ಅವರು ಇವನನ್ನು ತೆಗೆದುಕೊಳ್ಳಲಿಕ್ಕಿಲ್ಲ" ಎಂದು ನಂಬಿ ಇಳಿದರೆ ಅದು ಜೂಜು. 8ಕ್ಕೆ ಇಳಿಯಬೇಕಾದರೆ ಏಳು ಹೆಸರು ಬೇಕು. ಯಾವ ತಂಡದ ಪಟ್ಟಿಯಲ್ಲೂ ಒಂದೇ ಮಟ್ಟದ ಏಳು ಹೆಸರು ಇರುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 2017ರ ಬಾಸ್ಟನ್. ಮೊದಲ ಪಿಕ್ ಫಿಲಡೆಲ್ಫಿಯಾಗೆ ಕೊಟ್ಟು 3ನೇ ಪಿಕ್ ಮತ್ತು ಮುಂದಿನ ಒಂದು ಫಸ್ಟ್ ರೌಂಡ್ ಪಿಕ್ ತೆಗೆದುಕೊಂಡಿತು. ಫಿಲಡೆಲ್ಫಿಯಾ ಮಾರ್ಕೆಲ್ ಫುಲ್ಟ್ಸ್‌ನನ್ನು ತೆಗೆದುಕೊಂಡಿತು, ಬಾಸ್ಟನ್‌ಗೆ ಜೇಸನ್ ಟೇಟಮ್ ಸಿಕ್ಕಿದ. ಜನ ನೆನಪಿಡದ ಸಂಗತಿ ಇನ್ನೊಂದಿದೆ: ಆ ಹೆಚ್ಚುವರಿ ಪಿಕ್ 2019ರಲ್ಲಿ 14ನೆಯದಾಗಿ ಬಂತು, ಅದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಲಾಭ ಬಂದದ್ದು ತಮಗೆ ಬೇಕಾದವನು ಮೂರರಲ್ಲೂ ಸಿಗುತ್ತಾನೆ ಎಂದು ಗೊತ್ತಿದ್ದದ್ದರಿಂದ. ಮರುವರ್ಷ ಅಟ್ಲಾಂಟಾ ಅದೇ ಲೆಕ್ಕದಲ್ಲಿ 3ರಿಂದ 5ಕ್ಕೆ ಇಳಿದು ಲೂಕಾ ಡಾಂಚಿಚ್‌ನನ್ನು ಡಲ್ಲಾಸ್‌ಗೆ ಬಿಟ್ಟಿತು. ಟ್ರೇ ಯಂಗ್ ಬಂದ, ಜೊತೆಗೆ ಬಂದ ಪಿಕ್ ಟಾಪ್-5 ರಕ್ಷಣೆ (ಮೊದಲ ಐದರೊಳಗೆ ಬಂದರೆ ಪಿಕ್ ಕೊಡಬೇಕಿಲ್ಲ ಎಂಬ ಷರತ್ತು) ದಾಟಿ 2019ರಲ್ಲಿ 10ನೆಯದಾಯಿತು. ಯಂಗ್ ಒಳ್ಳೆಯ ಆಟಗಾರನೇ. ಆದರೂ ಒಬ್ಬ ಡಾಂಚಿಚ್‌ಗೆ ಅವನೂ 10ನೇ ಪಿಕ್ಕೂ ಸೇರಿದರೂ ಸಮ ಆಗಲಿಲ್ಲ.

ಈಗ ಈ ವರ್ಷಕ್ಕೆ ಬನ್ನಿ. ಶೂಟಿಂಗ್ ಬೇಕೆಂದರೆ ಡ್ಯೂಕ್‌ನ ಕಾನ್ ಕ್ನಿಪ್ಪಲ್, ತ್ರೀ 40.6%, ಫ್ರೀ ಥ್ರೋ 91%ಕ್ಕಿಂತ ಮೇಲೆ. ಟೆಕ್ಸಾಸ್‌ನ ಟ್ರೇ ಜಾನ್ಸನ್, ತ್ರೀ 39.7%. ಇಬ್ಬರಲ್ಲಿ ಒಬ್ಬನಾದರೂ 4-6ರಲ್ಲಿ ಸಿಗುತ್ತಾನೆ. 4ನೇ ಪಿಕ್‌ನ ಜೊತೆ ಷಾರ್ಲೆಟ್‌ನಿಂದ ರಕ್ಷಣೆಯಿಲ್ಲದ ಒಂದು ಫಸ್ಟ್ ರೌಂಡ್ ಪಿಕ್ ಸಿಕ್ಕರೆ ನಾನು ಫೋನ್ ಇಡುವುದಿಲ್ಲ. ಕೇಳಬೇಕಾದ ಕ್ರಮ ಇದು: ಮೊದಲು ರಕ್ಷಣೆಯಿಲ್ಲದ್ದು ಕೇಳಿ; ಒಪ್ಪದಿದ್ದರೆ ಟಾಪ್-1 ಅಥವಾ ಟಾಪ್-4 ರಕ್ಷಣೆ; ಲಾಟರಿ ರಕ್ಷಣೆ ಎಂದರೆ ಎದ್ದುಬನ್ನಿ. ಹದಿನಾಲ್ಕರೊಳಗೆ ಬಂದರೆ ಕೊಡುವುದೇ ಇಲ್ಲ ಎನ್ನುವ ಪಿಕ್ ಎಂದರೆ ಹದಿನೈದರಿಂದ ಆಚೆಗಿನ ಪಿಕ್. ರಕ್ಷಣೆ ಎಷ್ಟು ವರ್ಷ ಮುಂದಕ್ಕೆ ಉರುಳುತ್ತದೆ, ಕೊನೆಗೆ ಸೆಕೆಂಡ್ ರೌಂಡ್ ಪಿಕ್ ಆಗಿ ಬದಲಾಗುತ್ತದಾ ಎನ್ನುವುದನ್ನೂ ಬರೆಸಿಕೊಳ್ಳಬೇಕು. ಒಳ್ಳೆಯ ಟ್ರೇಡ್‌ಗಳು ಹಾಳಾಗುವುದು ಆ ಸಣ್ಣ ಸಾಲುಗಳಲ್ಲಿ.

ಬ್ರೂಕ್ಲಿನ್ ಕೈಯಲ್ಲಿ 8, 19, 26, 27 ಇವೆ. ಸಂಖ್ಯೆ ನೋಡಿದರೆ ಆಸೆಯಾಗುತ್ತದೆ, ಆದರೆ ಬೇಡ. 15 ಜನರ ರಾಸ್ಟರ್‌ನಲ್ಲಿ ನಾಲ್ಕು ಐದು ರೂಕಿಗಳಿಗೆ ಜಾಗವೂ ಇಲ್ಲ, ನಿಮಿಷವೂ ಇಲ್ಲ. ನಾಲ್ಕು ಸಾಧಾರಣ ಪಿಕ್ ಸೇರಿ ಒಂದು ಎರಡನೇ ಪಿಕ್ ಆಗುವುದಿಲ್ಲ.

ಇನ್ನೊಂದು ವಿಷಯ, ಪಿಕ್ ಅನ್ನು ಭವಿಷ್ಯಕ್ಕೆ ತಳ್ಳುವುದು. ಸ್ಪರ್ಸ್‌ಗೆ ಇದು ಹೊಸದಲ್ಲ. ಕಳೆದ ವರ್ಷ 8ನೇ ಪಿಕ್‌ನಲ್ಲಿ ರಾಬ್ ಡಿಲ್ಲಿಂಗ್‌ಹ್ಯಾಮ್‌ನನ್ನು ತೆಗೆದು ಮಿನೆಸೋಟಾಗೆ ಕೊಟ್ಟು, 2031ರ ರಕ್ಷಣೆಯಿಲ್ಲದ ಫಸ್ಟ್ ರೌಂಡ್ ಪಿಕ್ ಮತ್ತು 2030ರ ಟಾಪ್-1 ರಕ್ಷಣೆಯ ಸ್ವಾಪ್ (ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು) ತೆಗೆದುಕೊಂಡರು. 8ನೇ ಪಿಕ್‌ಗೆ ಅದು ಸರಿಯಾದ ಬೆಲೆ. 2ನೇ ಪಿಕ್‌ಗೆ ಅದೇ ಉಪಾಯ ಬೇಡ. 2030ರ ಆಚೆ ಎಷ್ಟೇ ಪಿಕ್ ಇದ್ದರೂ ವೆಂಬನ್ಯಾಮಾನ ಈಗಿನ ವರ್ಷಗಳಿಗೆ ಒದಗುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಷಾರ್ಲೆಟ್ ಅಥವಾ ಫಿಲಡೆಲ್ಫಿಯಾ ರಕ್ಷಣೆಯಿಲ್ಲದ ಪಿಕ್ ಮೇಜಿನ ಮೇಲಿಟ್ಟರೆ ಇಳಿಯಿರಿ. ಇಲ್ಲದಿದ್ದರೆ 2ರಲ್ಲೇ ಇರಿ.

---

ಡ್ರಾಪ್_ಕವರೇಜ್

@ಪಿಕ್_ಸ್ವಾಪ್, ಪರೀಕ್ಷೆ ಸರಿಯಾಗಿದೆ, ಆದರೆ ನೀವೇ ಹಾಕಿದ ಪರೀಕ್ಷೆಯಲ್ಲಿ ಈ ವರ್ಷ ಫೇಲ್ ಆಗುತ್ತದೆ. 2ರಿಂದ 4ಕ್ಕೆ ಮೂರು ಹೆಸರು ಸಮ ಇರಬೇಕು ಅಂದಿರಿ. ಹಾರ್ಪರ್, ವಿಜೆ ಎಡ್ಜ್‌ಕೂಂಬ್, ಏಸ್ ಬೇಲಿ, ಕ್ನಿಪ್ಪಲ್ ಇವರನ್ನು ಒಂದೇ ಮಟ್ಟದಲ್ಲಿ ಇಟ್ಟರೆ ಮಾತ್ರ ಇಳಿಯಬಹುದು. ನನ್ನ ಪಟ್ಟಿಯಲ್ಲಿ ಹಾರ್ಪರ್‌ಗೂ ಉಳಿದವರಿಗೂ ನಡುವೆ ಒಂದು ಗೆರೆ ಇದೆ.

ಕೊರತೆ ನೋಡಿ ಡ್ರಾಫ್ಟ್ ಮಾಡಿದವರ ಇತಿಹಾಸವೂ ಚೆನ್ನಾಗಿಲ್ಲ. 1984ರಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ, ಸೆಂಟರ್ ಬೇಕೆಂದು ಎರಡನೇ ಪಿಕ್‌ನಲ್ಲಿ ಸ್ಯಾಮ್ ಬೋವಿಯನ್ನು ತೆಗೆದುಕೊಂಡರು, ಮೈಕೆಲ್ ಜೋರ್ಡಾನ್ ಮೂರರಲ್ಲಿ ಶಿಕಾಗೋಗೆ ಹೋದ. 2020ರಲ್ಲಿ ಗೋಲ್ಡನ್ ಸ್ಟೇಟ್‌ಗೆ ಎರಡನೇ ಪಿಕ್ ಬಂದಾಗಲೂ ದೊಡ್ಡ ಆಳು ಬೇಕೆಂದು ಜೇಮ್ಸ್ ವೈಸ್‌ಮನ್, ಮುಂದಿನ ಪಿಕ್ ಲಮೆಲೋ ಬಾಲ್. 2023ರ ಫೆಬ್ರವರಿಗೆ ವೈಸ್‌ಮನ್ ಡೆಟ್ರಾಯ್ಟ್‌ನಲ್ಲಿದ್ದ. ಗೆಲ್ಲಲೇಬೇಕಾದ ತಂಡದಲ್ಲಿ ಕಲಿಯುವ ಹುಡುಗನಿಗೆ ತಪ್ಪು ಮಾಡಲು ನಿಮಿಷ ಸಿಗುವುದಿಲ್ಲ, ಅದು ಬೇರೆಯೇ ತೊಂದರೆ. ಸ್ಪರ್ಸ್‌ನಲ್ಲಿ ಆ ಒತ್ತಡ ಇನ್ನೂ ಬಂದಿಲ್ಲ.

ಆದರೆ ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. 2009ರಲ್ಲಿ ಮಿನೆಸೋಟಾ 5 ಮತ್ತು 6ರಲ್ಲಿ ಬೆನ್ನಿಗೆ ಬೆನ್ನಿಗೆ ಇಬ್ಬರು ಪಾಯಿಂಟ್ ಗಾರ್ಡ್‌ಗಳನ್ನು ತೆಗೆದುಕೊಂಡಿತು, ರಿಕಿ ರುಬಿಯೊ ಮತ್ತು ಜಾನಿ ಫ್ಲಿನ್. ಏಳನೆಯವನು ಸ್ಟೆಫ್ ಕರಿ. ಒಂದೇ ಜಾಗಕ್ಕೆ ಇಬ್ಬರು ಬಂದದ್ದಕ್ಕಿಂತ ದೊಡ್ಡ ತಪ್ಪು ಆಟಗಾರರನ್ನು ಅಳೆದದ್ದರಲ್ಲಿತ್ತು.

---

ಕಾರ್ನರ್_ತ್ರೀ

ಬಹಳ ಉಪಯೋಗವಾಯಿತು. ಇನ್ನೊಂದು ಉಳಿದಿದೆ. ಯಾನಿಸ್ ಅಂಟೆಟೊಕುಂಪೊ ಮಿಲ್ವಾಕೀಯಿಂದ ಹೊರಬರಬಹುದು ಎಂಬ ಗುಸುಗುಸು ಇದೆ. ಹಾಗಾದರೆ 2ನೇ ಪಿಕ್ ಅನ್ನು ಕೊಡಬೇಕಾ? ಸಂಬಳ ಹೇಗೆ ಹೊಂದಿಸುತ್ತಾರೆ?

---

ಕ್ಯಾಪ್_ಲೆಕ್ಕ

ಹೊರಬರುತ್ತಾನೋ ಇಲ್ಲವೋ ಅದು ಬೇರೆ ಮಾತು, ಲೆಕ್ಕ ಮಾತ್ರ ಹೇಳುತ್ತೇನೆ.

2025-26ರಲ್ಲಿ ಯಾನಿಸ್ ಸಂಬಳ 54.1 ಮಿಲಿಯನ್. ಸ್ಪರ್ಸ್ ಕ್ಯಾಪ್ ಜಾಗ ಇಲ್ಲದ ತಂಡ, ಸಂಬಳಕ್ಕೆ ಸಂಬಳ ಕಳಿಸಬೇಕು. ಮೊದಲ ಏಪ್ರನ್ (ಕ್ಯಾಪ್‌ಗಿಂತ ಮೇಲಿನ ಇನ್ನೊಂದು ಸಂಬಳದ ಮಿತಿ) ಕೆಳಗಿರುವ ತಂಡ ಇಷ್ಟು ದೊಡ್ಡ ಟ್ರೇಡ್‌ನಲ್ಲಿ ತಾನು ಕಳಿಸಿದ್ದರ 125% ಮತ್ತು ಮೇಲೆ ಕಾಲು ಮಿಲಿಯನ್ ತರಿಸಿಕೊಳ್ಳಬಹುದು. ತಿರುಗಿಸಿ ಹಾಕಿದರೆ ಕನಿಷ್ಠ 43.1 ಮಿಲಿಯನ್ ಹೊರಗೆ ಹೋಗಬೇಕು.

ದಾರಿ ಒಂದು, ಡ್ರಾಫ್ಟ್ ರಾತ್ರಿಯ ಹೊತ್ತಿಗೆ ಒಪ್ಪಂದ. ಆಗ ಪಿಕ್‌ನ ಸಂಬಳ ಸೊನ್ನೆ. ಡೆವಿನ್ ವಸೆಲ್ 27, ಕೆಲ್ಡನ್ ಜಾನ್ಸನ್ 17.5, ಒಟ್ಟು 44.5. ಸಾಕು. ಆದರೆ ತಂಡದ ಇಬ್ಬರು ವಿಂಗ್‌ಗಳೂ (ಅಂಕಣದ ಬದಿಯಲ್ಲಿ ಆಡುವವರು) ಹೋದರು, ಅದರಲ್ಲಿ ವಸೆಲ್ ಶೂಟರ್.

ದಾರಿ ಎರಡು, ವಿಗ್ಗಿನ್ಸ್ ಮಾದರಿ. ಹಾರ್ಪರ್ ಸಹಿ ಹಾಕಿ 30 ದಿನ ಕಾದರೆ ಅವನ 12.4 ಲೆಕ್ಕಕ್ಕೆ ಬರುತ್ತದೆ. ಹಾರ್ಪರ್ 12.4, ಜಾನ್ಸನ್ 17.5, ಹ್ಯಾರಿಸನ್ ಬಾರ್ನ್ಸ್ 19, ಒಟ್ಟು 48.9. ವಸೆಲ್ ಉಳಿದ. ಬೆಲೆ ಏನೆಂದರೆ ಆ 30 ದಿನದಲ್ಲಿ ಫ್ರೀ ಏಜೆಂಟ್ (ಕಾಂಟ್ರ್ಯಾಕ್ಟ್ ಮುಗಿದ ಆಟಗಾರರ) ಮಾರುಕಟ್ಟೆ ಖಾಲಿಯಾಗಿರುತ್ತದೆ. ಇನ್ನೊಂದು ತಂಡ ಮಧ್ಯೆ ಬಂದು ಹೆಚ್ಚು ಕೊಡಬಹುದು. ಸಮ್ಮರ್ ಲೀಗ್‌ನಲ್ಲಿ ಹುಡುಗನಿಗೆ ಗಾಯವಾದರೆ ಒಪ್ಪಂದವೇ ಮುರಿಯುತ್ತದೆ, ಹಾಗಾಗಿ ಇಂಥ ಸಂದರ್ಭದಲ್ಲಿ ಅವನನ್ನು ಆಡಿಸದಿರುವುದೇ ಲೇಸು.

125%ರ ಸೌಲಭ್ಯ ಬಳಸಿದ ಕ್ಷಣದಿಂದ ಆ ವರ್ಷವಿಡೀ ಮೊದಲ ಏಪ್ರನ್ ದಾಟುವಂತಿಲ್ಲ, ಅದು 195.9 ಮಿಲಿಯನ್. ಇಬ್ಬರು ಮೂವರನ್ನು ಕಳಿಸಿ ಒಬ್ಬನನ್ನು ತಂದಾಗ ಖಾಲಿ ಜಾಗ ತುಂಬಲು ಕನಿಷ್ಠ ಸಂಬಳದವರೇ ಬೇಕಾಗುತ್ತಾರೆ. ಮಿತಿಗೆ ತೀರಾ ಹತ್ತಿರ ಹೋದ ತಂಡಕ್ಕೆ ಮಾರ್ಚ್‌ನಲ್ಲಿ ಗಾಯಾಳುವಿನ ಬದಲಿಗೆ ಒಬ್ಬನನ್ನು ಸೇರಿಸಿಕೊಳ್ಳಲೂ ಆಗುವುದಿಲ್ಲ. ಸ್ಪರ್ಸ್‌ಗೆ ಸದ್ಯ ಅಷ್ಟು ಬಿಗಿ ಇಲ್ಲ.

ಮಿಲ್ವಾಕೀ ಕಡೆಯಿಂದ ನೋಡಿ. ಅವರ 2029ರ ಫಸ್ಟ್ ರೌಂಡ್ ಪಿಕ್ ಪೋರ್ಟ್‌ಲ್ಯಾಂಡ್ ಬಳಿ ಇದೆ, 2028 ಮತ್ತು 2030ರ ಸ್ವಾಪ್ ಹಕ್ಕೂ ಅಲ್ಲೇ. ಸೋತು ಸೋತು ಸ್ವಂತ ಪಿಕ್‌ನಿಂದ ತಂಡ ಕಟ್ಟುವ ದಾರಿ ಅವರಿಗೆ ಮುಚ್ಚಿದೆ. ಈಗಲೇ ಕೈಗೆ ಸಿಗುವ ಎರಡನೇ ಪಿಕ್‌ಗೆ ಅವರಷ್ಟು ಬೆಲೆ ಕೊಡುವವರು ಬೇರೆ ಇಲ್ಲ. ಹಾಗಾಗಿ 2ನೇ ಪಿಕ್ ಇಟ್ಟರೆ ಕ್ಯಾಸಲ್‌ನನ್ನು ಹೊರಗಿಡಿ ಎಂದು ಕೇಳುವ ಹಕ್ಕು ಸ್ಪರ್ಸ್‌ಗಿದೆ.

ನನ್ನ ಅಭಿಪ್ರಾಯ ಕೇಳಿದರೆ: ಯಾನಿಸ್‌ಗೆ 30 ವರ್ಷ. ಕಾಂಟ್ರ್ಯಾಕ್ಟ್‌ನ ಕೊನೆಯ ವರ್ಷ 2027-28 ಅವನದೇ ಆಪ್ಷನ್, 62.8 ಮಿಲಿಯನ್. ವೆಂಬನ್ಯಾಮಾನ ದೊಡ್ಡ ಸಂಬಳ ಶುರುವಾಗುವುದು ಅದೇ ವರ್ಷ. 2ನೇ ಪಿಕ್, ಜಾನ್ಸನ್, ಬಾರ್ನ್ಸ್, ಜೊತೆಗೆ ಅಟ್ಲಾಂಟಾದ 2027ರ ಪಿಕ್ ಇಷ್ಟಕ್ಕೆ ಮುಗಿದರೆ ಮಾಡುತ್ತೇನೆ. ಕ್ಯಾಸಲ್ ಸೇರಿದರೆ ಮಾಡುವುದಿಲ್ಲ. ಬಾಸ್ಟನ್ 2007ರಲ್ಲಿ 5ನೇ ಪಿಕ್ ಇಟ್ಟು ರೇ ಅಲೆನ್‌ನನ್ನು ತಂದು ಮರುವರ್ಷ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ತಂಡದ ಪಾಲ್ ಪಿಯರ್ಸ್‌ಗೆ ಆಗಲೇ ಮೂವತ್ತರ ಹತ್ತಿರ. ಅವರಿಗೆ ಕಾಯಲು ಸಮಯ ಇರಲಿಲ್ಲ. ವೆಂಬನ್ಯಾಮಾಗೆ 21. ಭುಜದ ರಕ್ತ ಹೆಪ್ಪುಗಟ್ಟುವಿಕೆಯಿಂದ ಫೆಬ್ರವರಿಯಲ್ಲಿ ಸೀಸನ್ ನಿಂತದ್ದನ್ನು ಯೋಚಿಸಿದರೆ, ಅವನು ಪೂರ್ತಿ ಆಡಿದ ಒಂದು ಸೀಸನ್ ನೋಡುವ ಮೊದಲೇ ಎಲ್ಲವನ್ನೂ ಪಣಕ್ಕಿಡುವುದು ಅವಸರ.

ಮೂವತ್ತೈದು ದಾಟಿದವರಿಗೆ ಈ ಪಿಕ್ ಕೊಡುವ ಮಾತನ್ನು ಚರ್ಚೆಗೂ ತರಬೇಡಿ.

---

ಪಿಕ್_ಸ್ವಾಪ್

ಒಪ್ಪಿದೆ. ಹಾಗಾದರೆ 14ರ ಬಗ್ಗೆ ಹೇಳಿ. 2ರಲ್ಲಿ ಹಾರ್ಪರ್ ಎಂದು ತೀರ್ಮಾನವಾದರೆ ಶೂಟಿಂಗ್ ಎಲ್ಲಿಂದ ಬರಬೇಕು?

---

ಡ್ರಾಪ್_ಕವರೇಜ್

14ರಿಂದ ಮತ್ತು ಮಿನಿಮಮ್ ಕಾಂಟ್ರ್ಯಾಕ್ಟ್‌ನಿಂದ. 2ರಲ್ಲಿ ಸಿಗುವಂಥ ಆಟ ಕಟ್ಟುವವನು 14ರಲ್ಲಿ ಸಿಗುವುದು ಅಪರೂಪ. ಆರಡಿ ಎಂಟಿಂಚಿನ, ಕಾಲು ಚುರುಕಿರುವ, ಕಾರ್ನರ್‌ನಿಂದ ಎಸೆಯಬಲ್ಲ ವಿಂಗ್ ಸಿಗುತ್ತಾನೆ. ಪ್ರತಿ ವರ್ಷ ಇಂಥವರು 10ರಿಂದ 25ರ ನಡುವೆ ಹೋಗುತ್ತಾರೆ. ಅವನು ಸ್ವಂತವಾಗಿ ಡ್ರಿಬಲ್ ಮಾಡಿ ಆಡಬೇಕಿಲ್ಲ, ಚೆಂಡು ಬಂದ ತಕ್ಷಣ ಎಸೆಯಲಿ ಅಥವಾ ಮುಂದಕ್ಕೆ ದಾಟಿಸಲಿ.

ವರ್ಕೌಟ್‌ಗೆ ಕರೆದಾಗ ಖಾಲಿ ಜಿಮ್‌ನಲ್ಲಿ ನಿಂತು ಎಸೆದ ನೂರು ತ್ರೀ ನೋಡಿ ತೀರ್ಮಾನ ಮಾಡಬಾರದು, ಅಲ್ಲಿ ಎಲ್ಲರೂ ಹಾಕುತ್ತಾರೆ. ಪೇಂಟ್‌ನಿಂದ ಕಾರ್ನರ್‌ಗೆ ಓಡಿಸಿ, ತಿರುಗುತ್ತಿದ್ದಂತೆ ಪಾಸ್ ಕೊಡಿ, ಅದೂ ಮೊಣಕಾಲ ಮಟ್ಟದಲ್ಲಿ ಬರುವ ಕೆಟ್ಟ ಪಾಸ್. ಎದುರು ಒಬ್ಬ ಕೈಚಾಚಿ ಓಡಿಬರಲಿ. ಪಾದ ಸರಿಪಡಿಸಿಕೊಳ್ಳಲು ಹೆಚ್ಚುವರಿ ಒಂದು ಹೆಜ್ಜೆ ಬೇಕಾಗುತ್ತದಾ, ಸುಸ್ತಾದ ಮೇಲೆ ಚೆಂಡು ಮುಂದಿನ ರಿಮ್‌ಗೆ ತಾಗಿ ಕುಸಿಯುತ್ತದಾ ನೋಡಿ. ವೆಂಬನ್ಯಾಮಾ ಮೇಲೆ ಇಬ್ಬರು ಬಿದ್ದಾಗ ಹೊರಬರುವ ಪಾಸ್ ಹಾಗೇ ಇರುತ್ತದೆ.

ಹಾರ್ಪರ್‌ಗೂ ಇದೇ ಕೆಲಸ. ಮೊದಲ ವರ್ಷ ಅವನ ಡ್ರಿಬಲ್ ಆಟವನ್ನು ತಿದ್ದುವ ಅಗತ್ಯವಿಲ್ಲ. ದಿನಕ್ಕೆ ಅರ್ಧ ಗಂಟೆ ಎಡ ಕಾರ್ನರ್, ಅರ್ಧ ಗಂಟೆ ಬಲ ಕಾರ್ನರ್, ಚೆಂಡು ಹಿಡಿದು ಎಸೆಯುವುದಷ್ಟೇ. ಫಾಕ್ಸ್ ಜೊತೆ ಅಂಕಣದಲ್ಲಿ ಉಳಿಯಬೇಕಾದರೆ ಅವನಿಗೆ ಬೇಕಿರುವುದು ಆ ಒಂದು ಶಾಟ್.